ಪ್ರಾಥಮಿಕ ಶಾಲೆಯಲ್ಲಿ ಸಮುದಾಯ ಕೈತೋಟ: ಮೊದಲು ರಜೆಯ ಪಟ್ಟಿ, ಆಮೇಲೆ ಮಣ್ಣು

ಶಾಲೆಯ ತೋಟ ಒಣಗುವುದು ಹೆಚ್ಚಾಗಿ ರಜೆಯಲ್ಲಿ. ಆದ್ದರಿಂದ ಗುದ್ದಲಿ ಹಿಡಿಯುವ ಮೊದಲು ಶಾಲೆಯ ಕ್ಯಾಲೆಂಡರ್ ಹಿಡಿದು ಕೂರಿ. ದೀರ್ಘ ರಜೆಯ ಪ್ರತಿ ವಾರಕ್ಕೂ ಅಕ್ಕಪಕ್ಕದ ಎರಡು ಮನೆಗಳ ಹೆಸರು ಬರೆಯಿರಿ: ಒಬ್ಬರು ನೀರು ಹಾಕಲು, ಅವರು ಬಾರದಿದ್ದರೆ ಇನ್ನೊಬ್ಬರು. ಆ ವಾರದ ಫಸಲು ಅವರಿಗೇ ಎಂದು ಮೊದಲೇ ಹೇಳಿದರೆ ಜನ ಸುಲಭವಾಗಿ ಒಪ್ಪುತ್ತಾರೆ. ಗೇಟಿನ ಕೀಲಿ ಯಾರ ಬಳಿ ಇರಬೇಕೆಂದು ಮುಖ್ಯೋಪಾಧ್ಯಾಯರಿಂದ ಬರೆಸಿಕೊಳ್ಳಿ. ಪಟ್ಟಿ ತುಂಬಲಿಲ್ಲವೇ? ಮಡಿಗಳನ್ನು ಕಡಿಮೆ ಮಾಡಿ. ಮೊದಲ ವರ್ಷಕ್ಕೆ ಮೂರು ಸಾಕು.

ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೀಳುವ ಜಾಗ ಬೇಕು. ಬೆಳಿಗ್ಗೆ 9, ಮಧ್ಯಾಹ್ನ 12, ಸಂಜೆ 3ಕ್ಕೆ ಕಟ್ಟಡದ ನೆರಳು ಎಲ್ಲಿದೆ ಎಂದು ಸೀಮೆಸುಣ್ಣದಲ್ಲಿ ಗುರುತು ಮಾಡಿದರೆ ಒಂದೇ ದಿನದಲ್ಲಿ ತಿಳಿಯುತ್ತದೆ. ಹಳೆಯ ಗೋಡೆಯ ಬುಡ ಬೇಡ. ಉದುರಿದ ಹಳೇ ಬಣ್ಣದ ಸೀಸ ಅಲ್ಲಿನ ಮಣ್ಣಿನಲ್ಲಿ ಉಳಿದಿರಬಹುದು, ಮಕ್ಕಳ ಕೈ ಬಾಯಿಗೆ ಹೋಗುವುದಂತೂ ತಪ್ಪದು. ನಗರದ ಮಣ್ಣನ್ನು ಪರೀಕ್ಷೆ ಮಾಡಿಸಿ. ಏನೇ ಬಂದರೂ ಹೊಸ ಮಣ್ಣು ತುಂಬಿದ ಏರುಮಡಿಯೇ ಕ್ಷೇಮ.

ಮಡಿ 8 ಅಡಿ ಉದ್ದ, 3 ಅಡಿ ಅಗಲ, 1 ಅಡಿ ಎತ್ತರವಿರಲಿ. ದೊಡ್ಡವರಿಗೆ 4 ಅಡಿ ಅಗಲ ನಡೆಯುತ್ತದೆ. ಆದರೆ ಪುಟ್ಟ ಕೈಗೆ ನಡುಭಾಗ ಎಟುಕದಿದ್ದರೆ ಮಕ್ಕಳು ಮಡಿಯೊಳಗೇ ಕಾಲಿಡುತ್ತಾರೆ, ಮಣ್ಣು ಗಟ್ಟಿಯಾಗುತ್ತದೆ. ಎರಡು ಮಡಿಗಳ ನಡುವೆ, ಗಾಲಿಕುರ್ಚಿಯೂ ಸಾಗುವಂತೆ, 3 ಅಡಿ ದಾರಿ ಬಿಡಿ. ಒಂದು ಮಡಿಗೆ 24 ಘನ ಅಡಿ ಮಿಶ್ರಣ ಬೇಕು: 12 ಮಣ್ಣು, 8 ಚೆನ್ನಾಗಿ ಕಳಿತ ಗೊಬ್ಬರ, 4 ತೆಂಗಿನ ನಾರಿನ ಪುಡಿ. ಕೆಲವೇ ವಾರಗಳಲ್ಲಿ ಇದು ಕುಸಿಯುವುದರಿಂದ ಸ್ವಲ್ಪ ಹೆಚ್ಚೇ ತರಿಸಿ. ಹಸಿ ಸಗಣಿ ಬೇಡವೇ ಬೇಡ, ಅದರಲ್ಲಿ ರೋಗಾಣುಗಳಿರುತ್ತವೆ. ಹಸಿ ಮರದ ಪುಡಿ ಬೆರೆಸಿದರೆ ಅದು ಕೊಳೆಯಲು ಸಾರಜನಕವನ್ನು ಎಳೆದುಕೊಳ್ಳುತ್ತದೆ, ಎಲೆ ಹಳದಿಯಾಗುತ್ತದೆ. ತಾರಸಿಯ ಮೇಲೆ ಮಾಡುವ ಯೋಚನೆಯಿದ್ದರೆ ಮೊದಲು ಎಂಜಿನಿಯರರನ್ನು ಕೇಳಿ. ಇಂಥ ಒಂದು ಮಡಿ ಒದ್ದೆಯಾದಾಗ ಒಂದು ಟನ್ನಿನ ಹತ್ತಿರ ತೂಗುತ್ತದೆ.

ಬೆಳೆಯನ್ನು ಶಾಲೆಯ ಅವಧಿಗೆ ಹೊಂದಿಸಿ. ಮೂಲಂಗಿ, ಸೊಪ್ಪು ಸುಮಾರು ಒಂದು ತಿಂಗಳಲ್ಲಿ ಕೈಗೆ ಬರುತ್ತವೆ, ಬೀನ್ಸ್‌ಗೆ ಎರಡು ತಿಂಗಳು ಬೇಕು. ಟೊಮೇಟೊ ಎಲ್ಲರಿಗೂ ಇಷ್ಟ, ಆದರೆ ತಡವಾಗಿ ನೆಟ್ಟರೆ ಹಣ್ಣಾಗುವ ಹೊತ್ತಿಗೆ ಶಾಲೆಗೆ ಬೀಗ ಬಿದ್ದಿರಬಹುದು. ಲೆಕ್ಕ ಹಾಕಿಯೇ ನೆಡಿ.

ಮಕ್ಕಳ ಕೈಗೆ ಬೀಜ ಕೊಟ್ಟರೆ ಒಂದೇ ಗುಳಿಗೆ ಹಿಡಿಗಟ್ಟಲೆ ಸುರಿಯುತ್ತಾರೆ, ಇಲ್ಲವೇ ಬೆರಳು ಮುಳುಗುವಷ್ಟು ಆಳಕ್ಕೆ ತುರುಕುತ್ತಾರೆ. ಪೆನ್ಸಿಲ್ಲಿನ ತುದಿಯಿಂದ 1 ಸೆಂ.ಮೀ. ಮೇಲೆ ರಬ್ಬರ್ ಬ್ಯಾಂಡ್ ಸುತ್ತಿ ಕೊಡಿ: ಮೂಲಂಗಿಗೆ ಅಷ್ಟೇ ಆಳ, 5 ಸೆಂ.ಮೀ. ಅಂತರ. ಬೀನ್ಸ್‌ಗೆ ಬ್ಯಾಂಡನ್ನು ಎರಡೂವರೆ ಸೆಂ.ಮೀ.ಗೆ ಸರಿಸಿ, ಅಂತರ 10 ಸೆಂ.ಮೀ. ಮಾಡಿ. ತೀರಾ ಚಿಕ್ಕವರಿಗೆ ಬೀನ್ಸೇ ಒಳ್ಳೆಯದು, ಬೀಜ ದಪ್ಪ. ಒಂದು ಮಡಿಯ ಸುತ್ತ ಹತ್ತು ಮಕ್ಕಳಿಗಿಂತ ಹೆಚ್ಚು ಬೇಡ.

ಒಂದು ಮಡಿಗೆ ವಾರಕ್ಕೆ ಸುಮಾರು 55 ಲೀಟರ್ ನೀರು ಬೇಕು, ಕಡುಬಿಸಿಲಿಗೆ ಇನ್ನೂ ಹೆಚ್ಚು. ಹಾಗಾಗಿ ನಲ್ಲಿ ದೂರವಿದ್ದರೆ ಆ ಜಾಗ ಬಿಟ್ಟುಬಿಡಿ. ನೀರು ಹಾಕುವ ಮೊದಲು ಮಣ್ಣಿಗೆ ಬೆರಳಿಟ್ಟು ನೋಡುವುದು ಮಕ್ಕಳಿಗೆ ರೂಢಿಯಾಗಲಿ: ಎರಡು ಅಂಗುಲ ಕೆಳಗೂ ತೇವವಿದ್ದರೆ ಅಂದು ನೀರಿಲ್ಲ. ಅತಿ ನೀರಿಗೂ ಗಿಡ ಬಾಡುತ್ತದೆ, ಅದನ್ನು ಕಂಡ ಮಕ್ಕಳು ಇನ್ನಷ್ಟು ಸುರಿಯುತ್ತಾರೆ.