ಸ್ಪೀಡ್‌ವಾಚ್ ಪತ್ರ ಮನೆಗೆ ಬಂದಾಗ ಏನು ಮಾಡಬೇಕು?

ಇಂಗ್ಲೆಂಡ್ ಅಥವಾ ವೇಲ್ಸ್‌ನಲ್ಲಿ ನೆಲೆಸಿ ಕಾರು ಓಡಿಸುತ್ತಿರುವ ಕನ್ನಡಿಗರ ಮನೆಗೆ ಸ್ಥಳೀಯ ಪೊಲೀಸ್ ಇಲಾಖೆಯಿಂದ ಒಂದು ಪತ್ರ ಬರುವುದುಂಟು. ನಿಮ್ಮ ಕಾರು ಇಂಥ ದಿನ, ಇಂಥ ರಸ್ತೆಯಲ್ಲಿ, ವೇಗಮಿತಿಯನ್ನು ಮೀರಿ ಓಡಿದ್ದನ್ನು ಕಮ್ಯುನಿಟಿ ಸ್ಪೀಡ್‌ವಾಚ್ ಸ್ವಯಂಸೇವಕರು ದಾಖಲಿಸಿದ್ದಾರೆ ಎಂದು ಅದರಲ್ಲಿ ಬರೆದಿರುತ್ತದೆ. ಪತ್ರ ಕೈಗೆ ಬಂದವರಲ್ಲಿ ಕೆಲವರು ಗಾಬರಿಯಾಗಿ ದಂಡ ಎಲ್ಲಿ ಕಟ್ಟಬೇಕೆಂದು ಹುಡುಕುತ್ತಾರೆ. ಇನ್ನು ಕೆಲವರು, ಬೀದಿಯಲ್ಲಿ ನಿಂತ ನಿವೃತ್ತರಿಗೆ ನನ್ನನ್ನು ಪ್ರಶ್ನಿಸುವ ಅಧಿಕಾರ ಎಲ್ಲಿಂದ ಬಂತು ಎಂದು ಸಿಟ್ಟಿನಿಂದ ಉತ್ತರ ಬರೆಯಲು ಕೂರುತ್ತಾರೆ. ಈ ಎರಡೂ ಬೇಕಿಲ್ಲ. ಆದರೆ ಪತ್ರವನ್ನು ಓದದೆ ಪಕ್ಕಕ್ಕಿಡುವುದು ಮಾತ್ರ ಎಲ್ಲಕ್ಕಿಂತ ಅಪಾಯಕರ, ಏಕೆಂದರೆ ಇದೇ ಬಗೆಯ ಲಕೋಟೆಯಲ್ಲಿ ಇದಕ್ಕಿಂತ ಬಹಳ ಗಂಭೀರವಾದ ಇನ್ನೊಂದು ಪತ್ರವೂ ಬರುತ್ತದೆ.

ಮೊದಲು: ಇದು ಯಾವ ಪತ್ರ ಎಂದು ತಿಳಿಯಿರಿ

ವೇಗದ ಬಗ್ಗೆ ಪೊಲೀಸರಿಂದ ಬರುವ ಪತ್ರಗಳಲ್ಲಿ ಎರಡು ಬಗೆ. ಒಂದು ಸ್ಪೀಡ್‌ವಾಚ್‌ನ ಸಲಹಾ ಪತ್ರ. ಅದರಲ್ಲಿ ದಂಡದ ಮೊತ್ತ ಇರುವುದಿಲ್ಲ, ಲೈಸೆನ್ಸ್‌ಗೆ ಪಾಯಿಂಟ್ (ತಪ್ಪಿಗೆ ಬೀಳುವ ಅಂಕ) ಹಾಕುವ ಮಾತಿರುವುದಿಲ್ಲ, ಚಾಲಕರು ಯಾರೆಂದು ತಿಳಿಸಲೇಬೇಕು ಎಂಬ ಕಾನೂನಿನ ಆದೇಶವೂ ಇರುವುದಿಲ್ಲ. ಎಚ್ಚರಿಕೆ ನೀಡುವುದಷ್ಟೇ ಅದರ ಕೆಲಸ.

ಇನ್ನೊಂದು ‘ನೋಟಿಸ್ ಆಫ್ ಇಂಟೆಂಡೆಡ್ ಪ್ರಾಸಿಕ್ಯೂಷನ್’, ಅಂದರೆ ನಿಮ್ಮ ಮೇಲೆ ಮೊಕದ್ದಮೆ ಹೂಡುವ ಉದ್ದೇಶವಿದೆ ಎಂದು ತಿಳಿಸುವ ನೋಟಿಸ್. ಇದು ಪೊಲೀಸರ ಕ್ಯಾಮೆರಾ ಅಥವಾ ಪೊಲೀಸ್ ಸಿಬ್ಬಂದಿಯ ಅಳತೆಯನ್ನು ಆಧರಿಸಿದ್ದು. ಜೊತೆಗೆ 1988ರ ರಸ್ತೆ ಸಂಚಾರ ಕಾಯ್ದೆಯ 172ನೇ ಸೆಕ್ಷನ್ ಅಡಿ ಚಾಲಕರ ವಿವರ ಕೇಳುವ ನಮೂನೆ ಇರುತ್ತದೆ. ಪತ್ರದ ತಲೆಬರಹದಲ್ಲೋ ಮೊದಲ ಪ್ಯಾರಾದಲ್ಲೋ ‘172’ ಎಂಬ ಸಂಖ್ಯೆಯೂ 28 ದಿನಗಳ ಗಡುವೂ ಕಂಡರೆ ಅದು ಸ್ಪೀಡ್‌ವಾಚ್ ಪತ್ರವಲ್ಲ. ಅದಕ್ಕೆ ಉತ್ತರಿಸುವ ಕ್ರಮವೇ ಬೇರೆ. ಅದನ್ನು ಕೊನೆಗೆ ವಿವರಿಸಿದ್ದೇನೆ.

ದುಡ್ಡು ಕೇಳುವ ಸ್ಪೀಡ್‌ವಾಚ್ ಪತ್ರ ಎಂಬುದೇ ಇಲ್ಲ. ಈ ಹೆಸರಿನಲ್ಲಿ ಮೊಬೈಲ್‌ಗೆ ಸಂದೇಶ ಬಂದು, ಅದರಲ್ಲಿರುವ ಕೊಂಡಿ ಒತ್ತಿ ದಂಡ ಕಟ್ಟಿ ಎಂದರೆ ಅದು ಮೋಸ. ಆ ಕೊಂಡಿಯನ್ನು ತೆರೆಯಬೇಡಿ.

ರಸ್ತೆಬದಿಯಲ್ಲಿ ನಿಂತವರು ಯಾರು, ಮಾಡುವುದೇನು

ಕಮ್ಯುನಿಟಿ ಸ್ಪೀಡ್‌ವಾಚ್ ತಂಡದಲ್ಲಿರುವವರು ಆ ಊರಿನ ನಿವಾಸಿಗಳು. ಪೊಲೀಸರು ಅವರಿಗೆ ತರಬೇತಿ ಕೊಟ್ಟಿರುತ್ತಾರೆ ಮತ್ತು ಎಲ್ಲಿ ನಿಲ್ಲಬೇಕೆಂಬ ಜಾಗವನ್ನು ಮೊದಲೇ ಪರಿಶೀಲಿಸಿ ಒಪ್ಪಿರುತ್ತಾರೆ. ಹೊಳೆಯುವ ಹಳದಿ ಜಾಕೆಟ್ ತೊಟ್ಟು, ಚಾಲಕರಿಗೆ ಕಾಣುವಂತೆ, ಸಾಮಾನ್ಯವಾಗಿ ಗಂಟೆಗೆ 20, 30 ಅಥವಾ 40 ಮೈಲಿ ಮಿತಿಯ ರಸ್ತೆಗಳಲ್ಲಿ ಅವರು ನಿಲ್ಲುತ್ತಾರೆ. ಒಬ್ಬರು ಉಪಕರಣದಲ್ಲಿ ವೇಗ ಓದಿ ಹೇಳುತ್ತಾರೆ, ಇನ್ನೊಬ್ಬರು ನೋಂದಣಿ ಸಂಖ್ಯೆ, ಕಾರಿನ ಕಂಪನಿ, ಮಾದರಿ, ಬಣ್ಣ, ಸಮಯ ಬರೆದುಕೊಳ್ಳುತ್ತಾರೆ. ವಾಹನ ನಿಲ್ಲಿಸುವ ಅಧಿಕಾರ ಅವರಿಗಿಲ್ಲ, ದಂಡ ಹಾಕುವ ಅಧಿಕಾರವೂ ಇಲ್ಲ. ಕಾರಿನ ಮಾಲೀಕರ ಹೆಸರಾಗಲಿ ವಿಳಾಸವಾಗಲಿ ಅವರಿಗೆ ಗೊತ್ತಾಗುವುದಿಲ್ಲ. ಬರೆದುಕೊಂಡ ವಿವರ ಪೊಲೀಸರಿಗೆ ಹೋದ ಮೇಲೆ, ಕಾರಿನ ಬಣ್ಣ ಮತ್ತು ಮಾದರಿ ದಾಖಲೆಗೆ ಹೊಂದುತ್ತದೆಯೇ ಎಂದು ನೋಡಿ, ಪತ್ರ ಕಳಿಸುವವರು ಪೊಲೀಸರೇ.

ಮಿತಿಗಿಂತ ಒಂದು ಮೈಲಿ ಹೆಚ್ಚಾದ ಮಾತ್ರಕ್ಕೆ ಪತ್ರ ಬರುವುದು ವಿರಳ. ಮಿತಿಯ ಮೇಲೆ ಶೇಕಡಾ 10, ಅದರ ಮೇಲೆ ಇನ್ನೂ 2 ಮೈಲಿ ಎಂಬ ಲೆಕ್ಕವನ್ನು ಅಲ್ಲಿನ ಪೊಲೀಸರು ಬಹುಕಾಲದಿಂದ ಬಳಸುತ್ತಾರೆ. ಅದರಂತೆ 30ರ ರಸ್ತೆಯಲ್ಲಿ 35 ಮುಟ್ಟಿದಾಗ ಲೆಕ್ಕಕ್ಕೆ ಬರುತ್ತದೆ. ಆದರೆ ಇದು ಪೊಲೀಸರ ವಿವೇಚನೆಯೇ ಹೊರತು ಚಾಲಕರ ಹಕ್ಕಲ್ಲ. ಕಾನೂನಿನ ಪ್ರಕಾರ 31 ಕೂಡ ಅಪರಾಧವೇ.

ಪತ್ರದ ವಿವರವನ್ನು ನಿಮ್ಮ ದಿನದೊಂದಿಗೆ ತಾಳೆ ಹಾಕಿ

ದಿನಾಂಕ, ಸಮಯ, ರಸ್ತೆ, ದಿಕ್ಕು ಇವನ್ನು ಒಂದೊಂದಾಗಿ ನೋಡಿ. ಫೋನಿನ ಕ್ಯಾಲೆಂಡರ್, ಪಾರ್ಕಿಂಗ್ ರಸೀದಿ, ಪೆಟ್ರೋಲ್ ಬಿಲ್ಲು, ಮಗುವಿನ ಶಾಲೆಯ ಸಮಯ ಯಾವುದಾದರೂ ನೆನಪಿಗೆ ನೆರವಾಗುತ್ತದೆ. ಆಮೇಲೆ ಆ ರಸ್ತೆಯ ವೇಗಮಿತಿ ನಿಜಕ್ಕೂ ಎಷ್ಟು ಎಂದು ಖಚಿತಪಡಿಸಿಕೊಳ್ಳಿ. ನಮ್ಮವರಲ್ಲಿ ಅನೇಕರು ಎಡವುವುದು ಇಲ್ಲಿಯೇ. ಇಂಗ್ಲೆಂಡಿನಲ್ಲಿ ಬೀದಿದೀಪಗಳ ಸಾಲಿರುವ ರಸ್ತೆಯಲ್ಲಿ ಬೇರೆ ಫಲಕವಿಲ್ಲದಿದ್ದರೆ ಮಿತಿ 30 ಎಂದೇ ಅರ್ಥ; ಅಲ್ಲಿ ಮತ್ತೆ ಮತ್ತೆ 30ರ ಫಲಕ ಹಾಕುವುದಿಲ್ಲ. ವೇಲ್ಸ್‌ನಲ್ಲಿ 2023ರ ಸೆಪ್ಟೆಂಬರ್ 17ರಿಂದ ಇಂಥ ರಸ್ತೆಗಳ ಸಾಮಾನ್ಯ ಮಿತಿ 20ಕ್ಕೆ ಇಳಿದಿದೆ. ಬ್ರಿಸ್ಟಲ್‌ನಿಂದ ಸೇತುವೆ ದಾಟಿ ಕಾರ್ಡಿಫ್‌ನ ಸ್ನೇಹಿತರ ಮನೆಗೆ ಹೋಗುವವರು ಇದನ್ನು ಮರೆತರೆ, ಹಿಂದಿನ ಊರಲ್ಲಿ ಸರಿಯಾಗಿದ್ದ ವೇಗವೇ ಇಲ್ಲಿ ಅಪರಾಧವಾಗುತ್ತದೆ.

‘ನನ್ನ ಮೀಟರ್ 32 ತೋರಿಸುತ್ತಿತ್ತು, ಇವರು 36 ಎನ್ನುತ್ತಾರೆ’ ಎಂಬ ವಾದ ನಿಲ್ಲುವುದು ಕಷ್ಟ. ಅಲ್ಲಿನ ನಿಯಮದ ಪ್ರಕಾರ ಕಾರಿನ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಹೆಚ್ಚು ತೋರಿಸಬಹುದು, ಕಡಿಮೆ ತೋರಿಸುವಂತಿಲ್ಲ. ಹಾಗಾಗಿ ನಿಜವಾದ ವೇಗ 36 ಇದ್ದಾಗ ಸರಿಯಾದ ಮೀಟರಿನ ಮುಳ್ಳು 36ರಲ್ಲೋ ಅದಕ್ಕಿಂತ ಮೇಲೋ ಇರಬೇಕು.

ಉತ್ತರ ಬರೆಯಬೇಕೇ?

ವಿವರಗಳೆಲ್ಲ ಸರಿಯಿದ್ದರೆ ಸಾಮಾನ್ಯವಾಗಿ ಏನೂ ಬರೆಯಬೇಕಿಲ್ಲ. ಕ್ಷಮಾಪಣೆಯಾಗಲಿ ಸಮಜಾಯಿಷಿಯಾಗಲಿ ಯಾರೂ ಕೇಳಿರುವುದಿಲ್ಲ. ಸ್ವಯಂಸೇವಕರ ಅಳತೆಯಿಂದ ಬಂದ ಈ ಪತ್ರ ಶಿಕ್ಷೆಯಲ್ಲ. ಆದ್ದರಿಂದ ವಿಮೆ ಕಂಪನಿಗಾಗಲಿ ವೀಸಾ ಅರ್ಜಿಯಲ್ಲಾಗಲಿ ಇದನ್ನು ಶಿಕ್ಷೆ ಎಂದು ನಮೂದಿಸುವ ಪ್ರಶ್ನೆ ಏಳುವುದಿಲ್ಲ.

ಬರೆಯಲೇಬೇಕಾದ ಸಂದರ್ಭಗಳು ಕೆಲವು ಇವೆ. ಕಾರನ್ನು ಆ ದಿನಕ್ಕೆ ಮೊದಲೇ ಮಾರಿದ್ದರೆ, ಪತ್ರದಲ್ಲಿರುವ ಮಾದರಿ ಅಥವಾ ಬಣ್ಣ ನಿಮ್ಮ ಕಾರಿನದಲ್ಲದಿದ್ದರೆ, ಅಥವಾ ಆ ಹೊತ್ತಿನಲ್ಲಿ ಕಾರು ಇನ್ನೂರು ಮೈಲಿ ದೂರದಲ್ಲಿತ್ತು ಎಂದು ತೋರಿಸಬಲ್ಲಿರಾದರೆ, ಪತ್ರದಲ್ಲಿ ಕೊಟ್ಟಿರುವ ವಿಳಾಸಕ್ಕೆ ಅದರ ಉಲ್ಲೇಖ ಸಂಖ್ಯೆ ಹಾಕಿ ನಾಲ್ಕೈದು ಸಾಲು ಬರೆಯಿರಿ. ಸಿಟ್ಟು ಬೇಡ, ಆರೋಪ ಬೇಡ. ದಾಖಲೆಯ ಪ್ರತಿ ಜೊತೆಗಿರಲಿ. ಇಂಗ್ಲಿಷಿನಲ್ಲಿ ಬರೆಯುವ ಆ ಪತ್ರದ ಸಾರ ಇಷ್ಟಿದ್ದರೆ ಸಾಕು: ‘ನಿಮ್ಮ ಪತ್ರ ತಲುಪಿದೆ. ಅದರಲ್ಲಿರುವ ನೋಂದಣಿ ಸಂಖ್ಯೆ ನನ್ನ ಕಾರಿನದೇ, ಆದರೆ ನನ್ನ ಕಾರು ಬಿಳಿಯದು, ಪತ್ರದಲ್ಲಿ ಕಪ್ಪು ಎಂದಿದೆ. ಆ ಸಮಯದಲ್ಲಿ ಕಾರು ಬೇರೆ ಊರಿನಲ್ಲಿ ನಿಂತಿದ್ದಕ್ಕೆ ಪಾರ್ಕಿಂಗ್ ರಸೀದಿ ಲಗತ್ತಿಸಿದ್ದೇನೆ. ದಾಖಲೆಯನ್ನು ಮರುಪರಿಶೀಲಿಸಿ ತಿಳಿಸಬೇಕಾಗಿ ವಿನಂತಿ.’

ಈ ಕೊನೆಯ ಬಗೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನಿಮ್ಮ ನಂಬರ್ ಪ್ಲೇಟನ್ನು ನಕಲು ಮಾಡಿ ಬೇರೊಂದು ಕಾರಿಗೆ ಹಾಕಿಕೊಂಡು ಯಾರೋ ಓಡಾಡುತ್ತಿರಬಹುದು. ಈ ಸಲಹಾ ಪತ್ರ ಬಂದದ್ದರಿಂದಲೇ ಅದು ಬೆಳಕಿಗೆ ಬಂದರೆ ಒಳ್ಳೆಯದೇ ಆಯಿತು; ಪೊಲೀಸರಿಗೂ ವಾಹನ ನೋಂದಣಿಯ ಸಂಸ್ಥೆಯಾದ ಡಿವಿಎಲ್‌ಎಗೂ ಕೂಡಲೇ ಬರೆದು ತಿಳಿಸಿ.

ಮನೆಯವರೊಂದಿಗೆ ಮಾತಾಡಿ

ಪತ್ರ ಬರುವುದು ನೋಂದಾಯಿತ ಕೀಪರ್, ಅಂದರೆ ಡಿವಿಎಲ್‌ಎ ದಾಖಲೆಯಲ್ಲಿ ಕಾರಿನ ಹೊಣೆ ಹೊತ್ತವರ ಹೆಸರಿಗೆ, ಓಡಿಸಿದವರ ಹೆಸರಿಗಲ್ಲ. ಗಂಡ, ಹೆಂಡತಿ, ಹೊಸದಾಗಿ ಲೈಸೆನ್ಸ್ ಪಡೆದ ಮಗಳು ಎಲ್ಲರೂ ಒಂದೇ ಕಾರು ಬಳಸುವ ಮನೆಯಲ್ಲಿ ಎಣಿಕೆಯೂ ಕಾರಿನ ಮೇಲೆಯೇ ಏರುತ್ತದೆ. ಒಂದೇ ವಾಹನ ಮತ್ತೆ ಮತ್ತೆ ದಾಖಲಾದರೆ ಮುಂದಿನ ಪತ್ರದ ಭಾಷೆ ಬಿಗಿಯಾಗುತ್ತದೆ. ಆಮೇಲೆ ಪೊಲೀಸರೇ ಮನೆ ಬಾಗಿಲಿಗೆ ಬರಬಹುದು, ಅಥವಾ ಆ ರಸ್ತೆಯಲ್ಲಿ ಅಧಿಕೃತ ಕ್ಯಾಮೆರಾದೊಂದಿಗೆ ನಿಲ್ಲಬಹುದು. ಈ ಕ್ರಮ ಒಂದೊಂದು ಪ್ರದೇಶದ ಪೊಲೀಸ್ ಇಲಾಖೆಯಲ್ಲಿ ಒಂದೊಂದು ರೀತಿ. ಆದ್ದರಿಂದ ಪತ್ರವನ್ನು ಓಡಿಸಿದವರ ಕೈಗೆ ಕೊಟ್ಟು ಓದಿಸಿ. ಟೆಸ್ಟ್ ಪಾಸಾಗಿ ಎರಡು ವರ್ಷ ತುಂಬದವರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಆ ಅವಧಿಯಲ್ಲಿ 6 ಪಾಯಿಂಟ್ ಆದರೆ ಲೈಸೆನ್ಸ್ ರದ್ದಾಗಿ, ಮತ್ತೆ ಮೊದಲಿನಿಂದ ಪರೀಕ್ಷೆ ಬರೆಯಬೇಕಾಗುತ್ತದೆ.

ಅವರಿಗೆ ಹೇಳಬೇಕಾದ ಒಂದು ಲೆಕ್ಕವನ್ನು ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಕವಾದ ಹೈವೇ ಕೋಡ್ ಕೊಟ್ಟಿದೆ. 20 ಮೈಲಿ ವೇಗದಲ್ಲಿರುವ ಕಾರು, ಚಾಲಕರು ಅಪಾಯ ಕಂಡ ಕ್ಷಣದಿಂದ ಪೂರ್ತಿ ನಿಲ್ಲಲು ಸುಮಾರು 12 ಮೀಟರ್ ತೆಗೆದುಕೊಳ್ಳುತ್ತದೆ. 30ರಲ್ಲಿ 23 ಮೀಟರ್. 40ರಲ್ಲಿ 36 ಮೀಟರ್. ಮಳೆಯಲ್ಲಿ ಇದು ಇನ್ನೂ ಹೆಚ್ಚು. ಆ ಸ್ವಯಂಸೇವಕರು ಚಳಿಯಲ್ಲಿ ನಿಲ್ಲುವುದು ಈ ಮೀಟರುಗಳ ವ್ಯತ್ಯಾಸಕ್ಕಾಗಿ. ಅವರಲ್ಲಿ ಕೆಲವರ ಮೊಮ್ಮಕ್ಕಳು ಅದೇ ರಸ್ತೆ ದಾಟಿ ಶಾಲೆಗೆ ಹೋಗುತ್ತಿರಬಹುದು, ನಿಮ್ಮ ಮಕ್ಕಳ ಜೊತೆಯಲ್ಲೇ.

ಮೊಕದ್ದಮೆಯ ನೋಟಿಸ್ ಬಂದಿದ್ದರೆ

ಇದಕ್ಕೆ ಉತ್ತರಿಸದೆ ಇರುವಂತಿಲ್ಲ. ಕ್ಯಾಮೆರಾಕ್ಕೆ ಸಿಕ್ಕ ಪ್ರಕರಣದಲ್ಲಿ ಮೊದಲ ನೋಟಿಸ್, ಘಟನೆ ನಡೆದ 14 ದಿನಗಳೊಳಗೆ ನೋಂದಾಯಿತ ಕೀಪರ್‌ಗೆ ತಲುಪಬೇಕೆಂಬುದು ನಿಯಮ. ಕಾರು ಕಂಪನಿಯದೋ ಲೀಸಿನದೋ ಆಗಿದ್ದರೆ ಮೊದಲ ನೋಟಿಸ್ ಅವರಿಗೆ ಹೋಗಿ, ಅವರು ನಿಮ್ಮ ಹೆಸರು ಕೊಟ್ಟ ಮೇಲೆ ನಿಮಗೆ ಬರುತ್ತದೆ. ಆಗ 14 ದಿನ ದಾಟಿದೆ ಎಂದು ತಕರಾರು ತೆಗೆಯಲಾಗದು. ಮನೆ ಬದಲಿಸಿದ್ದನ್ನು ಕಾರಿನ ನೋಂದಣಿ ಪತ್ರವಾದ ಲಾಗ್‌ಬುಕ್‌ನಲ್ಲಿ ತಿದ್ದಿಸದೆ ನೋಟಿಸ್ ಹಳೆಯ ವಿಳಾಸಕ್ಕೆ ಹೋಗಿದ್ದರೂ ಅಷ್ಟೇ. ವಿಳಾಸ ತಿದ್ದಿಸದಿರುವುದಕ್ಕೇ 1000 ಪೌಂಡಿನವರೆಗೆ ದಂಡವಿದೆ.

28 ದಿನಗಳೊಳಗೆ ಚಾಲಕರ ಹೆಸರು, ವಿಳಾಸ ತುಂಬಿ, ಸಹಿ ಮಾಡಿ ಕಳಿಸಿ, ಪ್ರತಿಯನ್ನು ಇಟ್ಟುಕೊಳ್ಳಿ. ಕರ್ನಾಟಕದಲ್ಲಿ 2023ರ ಫೆಬ್ರವರಿಯಲ್ಲಿ ಬಾಕಿ ದಂಡಗಳಿಗೆ ಶೇಕಡಾ 50 ರಿಯಾಯಿತಿ ಕೊಟ್ಟಾಗ, ಕಟ್ಟದೆ ಕಾದವರಿಗೆ ಅನುಕೂಲವಾಯಿತು. ಇಲ್ಲಿ ಕಾಯುವುದರಿಂದ ನಷ್ಟವೇ: ಉತ್ತರಿಸದಿರುವುದೇ ಪ್ರತ್ಯೇಕ ಅಪರಾಧವಾಗಿ, 6 ಪಾಯಿಂಟ್ ಮತ್ತು 1000 ಪೌಂಡಿನವರೆಗೆ ದಂಡ ಬೀಳಬಹುದು. ಉತ್ತರಿಸಿದರೆ, ಹೆಚ್ಚು ಮೀರದ ಪ್ರಕರಣಗಳಲ್ಲಿ ವೇಗ ಜಾಗೃತಿ ತರಗತಿಯ ಅವಕಾಶ ಸಿಗಬಹುದು. ಕಳೆದ ಮೂರು ವರ್ಷಗಳಲ್ಲಿ ಅಂಥ ತರಗತಿಗೆ ಹೋಗಿರಬಾರದು. ತರಗತಿ ಸಿಗದಿದ್ದರೆ ಸಾಮಾನ್ಯವಾಗಿ 100 ಪೌಂಡ್ ದಂಡ, 3 ಪಾಯಿಂಟ್. ವೇಗ ತೀರಾ ಹೆಚ್ಚಿದ್ದರೆ ಪ್ರಕರಣ ನೇರವಾಗಿ ನ್ಯಾಯಾಲಯಕ್ಕೆ ಹೋಗುತ್ತದೆ.

ಊರಿನಿಂದ ರಜೆಗೆ ಬಂದ ಭಾವ ಭಾರತದ ಲೈಸೆನ್ಸ್‌ನಲ್ಲಿ ಓಡಿಸಿದ್ದರೆ, ಅವರು ಮರಳಿ ಹೋಗಿದ್ದರೂ ಅವರ ಹೆಸರು ಮತ್ತು ಭಾರತದ ವಿಳಾಸವನ್ನೇ ಬರೆಯಬೇಕು. ಅವರನ್ನು ವಿಮೆಗೆ ಸೇರಿಸಿದ್ದಕ್ಕೆ, ಆ ದಿನ ದೇಶದಲ್ಲಿದ್ದದ್ದಕ್ಕೆ ದಾಖಲೆ ಇಟ್ಟುಕೊಳ್ಳಿ, ಪೊಲೀಸರು ಕೇಳಬಹುದು. ಇದಕ್ಕೆ ತದ್ವಿರುದ್ಧವಾಗಿ, ನೀವೇ ಓಡಿಸಿ ಮನೆಯವರ ಅಥವಾ ಊರಲ್ಲಿರುವವರ ಹೆಸರು ಕೊಡುವ ಯೋಚನೆಯೇ ಬೇಡ. ಬ್ರಿಟನ್ನಿನ ಸಚಿವರಾಗಿದ್ದ ಕ್ರಿಸ್ ಹ್ಯೂನ್, 2003ರಲ್ಲಿ ತಮ್ಮ ಕಾರಿನ ವೇಗಕ್ಕೆ ಬಿದ್ದ ಪಾಯಿಂಟ್‌ಗಳನ್ನು ಅಂದಿನ ಪತ್ನಿ ವಿಕಿ ಪ್ರೈಸ್ ಅವರ ಹೆಸರಿಗೆ ಹಾಕಿಸಿದ ಪ್ರಕರಣ ಹತ್ತು ವರ್ಷಗಳ ಬಳಿಕ ತೀರ್ಪಿಗೆ ಬಂತು. 2013ರ ಮಾರ್ಚ್‌ನಲ್ಲಿ ಇಬ್ಬರಿಗೂ ಎಂಟು ತಿಂಗಳ ಸೆರೆವಾಸ ವಿಧಿಸಲಾಯಿತು. ಅತಿವೇಗಕ್ಕೆ ಅಂದು ಬೀಳುತ್ತಿದ್ದದ್ದು ಕೆಲವೇ ಪಾಯಿಂಟ್. ಸೆರೆಮನೆಗೆ ಕಳಿಸಿದ್ದು ಸುಳ್ಳು ಹೆಸರು.

ಫಲಕವೇ ಕಾಣದಿದ್ದರೆ

ಮಿತಿ ಬದಲಾಗುವ ಜಾಗದ ಫಲಕವನ್ನು ಬೇಲಿಯ ಕೊಂಬೆಗಳು ಮುಚ್ಚಿದ್ದರೆ, ಅಥವಾ ಅದು ತಿರುಚಿಕೊಂಡು ಬೇರೆ ದಿಕ್ಕಿಗೆ ನಿಂತಿದ್ದರೆ, ಸುರಕ್ಷಿತವಾದ ಜಾಗದಲ್ಲಿ ಕಾರು ನಿಲ್ಲಿಸಿ, ನಡೆದು ಹೋಗಿ, ದಿನಾಂಕ ದಾಖಲಾಗುವಂತೆ ಫೋಟೊ ತೆಗೆಯಿರಿ. ಅದನ್ನು ಪೊಲೀಸರಿಗೆ ಮಾತ್ರವಲ್ಲ, ರಸ್ತೆ ನೋಡಿಕೊಳ್ಳುವ ಸ್ಥಳೀಯ ಕೌನ್ಸಿಲ್‌ನ ಹೆದ್ದಾರಿ ವಿಭಾಗಕ್ಕೂ ಕಳಿಸಿ. ಬಹುತೇಕ ಕೌನ್ಸಿಲ್‌ಗಳ ಜಾಲತಾಣದಲ್ಲಿ ಇದಕ್ಕೆಂದೇ ನಮೂನೆ ಇರುತ್ತದೆ. ದೂರಿನ ಸಂಖ್ಯೆಯನ್ನು ಸ್ಪೀಡ್‌ವಾಚ್ ಪತ್ರದ ಜೊತೆಯಲ್ಲೇ ಕಡತದಲ್ಲಿಡಿ.