ಜರ್ಮನಿಯ ಕಂಪನಿ: ಒಡೆತನ ಯಾರದು, ಆಡಳಿತ ಯಾರದು?

ಸ್ಟುಟ್‌ಗಾರ್ಟ್, ಮ್ಯೂನಿಕ್, ಫ್ರಾಂಕ್‌ಫರ್ಟ್‌ಗೆ ಕೆಲಸಕ್ಕೆ ಬರುವ ಕನ್ನಡಿಗರು ವೀಸಾ, ತೆರಿಗೆ, ಆರೋಗ್ಯ ವಿಮೆಗಳ ಬಗ್ಗೆ ಚೆನ್ನಾಗಿ ಓದಿಕೊಂಡೇ ಬರುತ್ತಾರೆ. ಸೇರುವ ಕಂಪನಿಯನ್ನು ನಡೆಸುವವರು ಯಾರು, ಅವರನ್ನು ನೇಮಿಸುವ ಮತ್ತು ಕಿತ್ತುಹಾಕುವ ಅಧಿಕಾರ ಯಾರ ಕೈಯಲ್ಲಿದೆ ಎಂದು ವಿಚಾರಿಸುವವರು ಕಡಿಮೆ. ವಿಚಾರಿಸಬೇಕು. ಈ ದೇಶದಲ್ಲಿ ಆ ಅಧಿಕಾರದ ಒಂದು ಪಾಲು ನೌಕರರ ಮತಕ್ಕೆ ಸೇರಿದ್ದು, ಅಂದರೆ ನಿಮ್ಮ ಮತಕ್ಕೂ.

ಭಾರತದಲ್ಲಿ ನಾವು ಕಂಡಿರುವುದು ಒಂದೇ ನಿರ್ದೇಶಕ ಮಂಡಳಿ. 2017ರಲ್ಲಿ ಇನ್ಫೋಸಿಸ್‌ನ ಸಂಸ್ಥಾಪಕ ನಾರಾಯಣಮೂರ್ತಿ ಆಡಳಿತದ ರೀತಿನೀತಿಯನ್ನು ಬಹಿರಂಗವಾಗಿ ಪ್ರಶ್ನಿಸಿದ್ದು, ಆಗಸ್ಟ್‌ನಲ್ಲಿ ಸಿಇಒ ವಿಶಾಲ್ ಸಿಕ್ಕಾ ರಾಜೀನಾಮೆ ಕೊಟ್ಟದ್ದು, ನಂದನ್ ನಿಲೇಕಣಿ ಅಧ್ಯಕ್ಷರಾಗಿ ಮರಳಿದ್ದು ಎಲ್ಲರಿಗೂ ನೆನಪಿದೆ. ಸಿಕ್ಕಾ ಅದಕ್ಕೂ ಮೊದಲು ಜರ್ಮನಿಯ ಸಾಫ್ಟ್‌ವೇರ್ ಕಂಪನಿ ಎಸ್‌ಎಪಿಯ ಆಡಳಿತ ಮಂಡಳಿಯಲ್ಲಿದ್ದರು. ಅಲ್ಲಿನ ಸಂಸ್ಥಾಪಕರಲ್ಲೊಬ್ಬರಾದ ಹಾಸ್ಸೊ ಪ್ಲಾಟ್ನರ್ ಮಾತ್ರ ಆಗ ಆ ಮಂಡಳಿಯಲ್ಲಿರಲಿಲ್ಲ. ಅದರ ಮೇಲೆ ಕಣ್ಣಿಡುವ ಇನ್ನೊಂದು ಮಂಡಳಿಯ ಅಧ್ಯಕ್ಷರಾಗಿದ್ದರು. ಜರ್ಮನ್ ಪದ್ಧತಿಯ ತಿರುಳು ಇರುವುದು ಈ ಎರಡು ಮಂಡಳಿಗಳಲ್ಲಿ.

ದಿನನಿತ್ಯದ ಆಡಳಿತ ನಡೆಸುವುದು ಫೋರ್‌ಷ್ಟಾಂಡ್, ಅಂದರೆ ಆಡಳಿತ ಮಂಡಳಿ. ಅದನ್ನು ನೇಮಿಸಿ ಲೆಕ್ಕ ಕೇಳುವುದು ಔಫ್‌ಸಿಖ್ಟ್ಸ್‌ರಾಟ್, ಅಂದರೆ ಮೇಲ್ವಿಚಾರಣಾ ಮಂಡಳಿ. ಒಬ್ಬನೇ ವ್ಯಕ್ತಿ ಏಕಕಾಲಕ್ಕೆ ಎರಡರಲ್ಲೂ ಇರುವಂತಿಲ್ಲ. 1965ರ ಷೇರು ಕಂಪನಿ ಕಾಯ್ದೆಯ ಪ್ರಕಾರ ಆಡಳಿತ ಮಂಡಳಿ ಸ್ವಂತ ಹೊಣೆಯ ಮೇಲೆ ಕಂಪನಿಯನ್ನು ನಡೆಸುತ್ತದೆ. ಷೇರುದಾರ ಎಷ್ಟೇ ದೊಡ್ಡವನಾಗಿರಲಿ, ಷೇರು ಕಂಪನಿಯ ಆಡಳಿತಕ್ಕೆ ಷೇರಿನ ಬಲದಿಂದಲೇ ನೇರ ಅಪ್ಪಣೆ ಕೊಡುವಂತಿಲ್ಲ. ಆಡಳಿತಗಾರರ ನೇಮಕ ಒಂದು ಬಾರಿಗೆ ಹೆಚ್ಚೆಂದರೆ ಐದು ವರ್ಷ. ನಡುವೆ ತೆಗೆಯಬೇಕಾದರೆ ಗಂಭೀರ ಕಾರಣ ಬೇಕು.

ಇನ್ನು ನೌಕರರ ಪಾಲು. ಕಂಪನಿಯಲ್ಲಿ 500ಕ್ಕಿಂತ ಹೆಚ್ಚು ನೌಕರರಿದ್ದರೆ ಮೇಲ್ವಿಚಾರಣಾ ಮಂಡಳಿಯ ಮೂರನೇ ಒಂದು ಭಾಗ ನೌಕರರ ಪ್ರತಿನಿಧಿಗಳದು. 2,000 ದಾಟಿದರೆ 1976ರ ಕಾಯ್ದೆಯಂತೆ ಅರ್ಧಕ್ಕೆ ಅರ್ಧ. 20,000ಕ್ಕೂ ಮಿಕ್ಕಿ ನೌಕರರಿರುವ ಕಂಪನಿಯ ಮಂಡಳಿಯನ್ನೇ ನೋಡಿ: ಇಪ್ಪತ್ತು ಕುರ್ಚಿಗಳು. ಹತ್ತರಲ್ಲಿ ಷೇರುದಾರರು ಆರಿಸಿದವರು. ಉಳಿದ ಹತ್ತರಲ್ಲಿ ಏಳು ಕಂಪನಿಯ ನೌಕರರಿಗೆ, ಮೂರು ಕಾರ್ಮಿಕ ಸಂಘದ ಪ್ರತಿನಿಧಿಗಳಿಗೆ. ಸಿಇಒ ನೇಮಕದ ಮೇಲೆ ಕೈ ಎತ್ತುವ ಆ ಏಳರಲ್ಲಿ ಜೋಡಣಾ ವಿಭಾಗದ ಕಾರ್ಮಿಕರೂ ಇರಬಹುದು. ಮತಗಳು ಸಮಸಮ ಬಿದ್ದು, ಮರುಮತದಲ್ಲೂ ಹಾಗೆಯೇ ಆದರೆ ಅಧ್ಯಕ್ಷರಿಗೆ ಎರಡನೆಯ ಮತವಿದೆ. ಅಧ್ಯಕ್ಷರು ಸಾಮಾನ್ಯವಾಗಿ ಷೇರುದಾರರ ಕಡೆಯವರು. ಹೀಗಾಗಿ ಕೊನೆಯ ಮಾತು ಬಂಡವಾಳದ್ದೇ. ಆದರೂ ಅಲ್ಲಿಯವರೆಗೆ ಒಪ್ಪಿಸಲೇಬೇಕಾದ ಹತ್ತು ಜನ ಎದುರಿಗೆ ಕುಳಿತಿರುತ್ತಾರೆ. ನನ್ನ ದೃಷ್ಟಿಯಲ್ಲಿ ಈ ವ್ಯವಸ್ಥೆಯ ಬೆಲೆ ಇರುವುದು ಅಲ್ಲಿಯೇ. (ಎಸ್‌ಎಪಿಯಂತೆ ಎಸ್‌ಇ ಎಂದು ನೋಂದಾಯಿತವಾದ ಯುರೋಪಿಯನ್ ಕಂಪನಿಗಳಲ್ಲಿ ನೌಕರರ ಪಾಲು ಪ್ರತ್ಯೇಕ ಒಪ್ಪಂದದಿಂದ ನಿರ್ಧಾರವಾಗುತ್ತದೆ.)

ಮಾಲೀಕರ ಕಡೆ ಬದಲಾಗಿರುವುದೂ ಬಹಳ. ಒಂದು ಕಾಲಕ್ಕೆ ಡಾಯ್ಚ ಬ್ಯಾಂಕ್, ವಿಮಾ ಕಂಪನಿ ಅಲಿಯಾಂಝ್‌ನಂತಹ ಸಂಸ್ಥೆಗಳೇ ದೊಡ್ಡ ಕಂಪನಿಗಳ ಷೇರು ಹಿಡಿದು, ಅವುಗಳ ಮೇಲ್ವಿಚಾರಣಾ ಮಂಡಳಿಗಳಲ್ಲೂ ಕೂರುತ್ತಿದ್ದವು. ಆಡಳಿತಗಾರರಿಗೂ ಮಾಲೀಕರಿಗೂ ಹಳೆಯ ಪರಿಚಯ. ಜಗಳ ಹೊರಗೆ ಬರುತ್ತಿರಲಿಲ್ಲ. 2000ದಲ್ಲಿ ಬ್ರಿಟನ್ನಿನ ವೊಡಾಫೋನ್, ಡ್ಯುಸೆಲ್‌ಡಾರ್ಫ್‌ನ ಮಾನೆಸ್‌ಮನ್ ಕಂಪನಿಯನ್ನು ಅದರ ಆಡಳಿತ ವಿರೋಧಿಸಿದರೂ ಬಿಡದೆ ಕೊಂಡಾಗ ಆ ಲೋಕ ಅಲುಗಾಡಿತು. 2002ರಿಂದ ಕಂಪನಿಗಳು ತಮ್ಮಲ್ಲಿದ್ದ ಬೇರೆ ಕಂಪನಿಗಳ ಷೇರು ಮಾರಿ ಗಳಿಸುವ ಲಾಭಕ್ಕೆ ತೆರಿಗೆ ವಿನಾಯಿತಿ ಸಿಕ್ಕಿತು. ಬ್ಯಾಂಕುಗಳು ಷೇರು ಬಿಟ್ಟುಕೊಟ್ಟವು, ಆ ಜಾಗಕ್ಕೆ ವಿದೇಶಿ ಹೂಡಿಕೆ ನಿಧಿಗಳು ಬಂದವು.

ಹೊಸ ಮಾಲೀಕರಿಗೆ ಹಳೆಯ ಸಂಕೋಚ ಇರಲಿಲ್ಲ. ಬಾಯರ್ ಕಂಪನಿ 2018ರಲ್ಲಿ ಅಮೆರಿಕದ ಮಾನ್ಸಾಂಟೊವನ್ನು ಕೊಂಡಿತು. ಗ್ಲೈಫೋಸೇಟ್ ಕಳೆನಾಶಕದ ಮೊಕದ್ದಮೆಗಳೂ ಅದರ ಜೊತೆಗೇ ಬಂದವು. 2019ರ ಏಪ್ರಿಲ್‌ನಲ್ಲಿ ಬಾನ್ ನಗರದಲ್ಲಿ ನಡೆದ ಷೇರುದಾರರ ಮಹಾಸಭೆಯಲ್ಲಿ ಶೇ 55ಕ್ಕೂ ಹೆಚ್ಚು ಮತಗಳು, ಆಡಳಿತ ಮಂಡಳಿಯ ವರ್ಷದ ಕೆಲಸಕ್ಕೆ ಒಪ್ಪಿಗೆ ಕೊಡಲು ನಿರಾಕರಿಸಿದವು. ಆ ಮತದಿಂದ ಯಾರ ಹುದ್ದೆಯೂ ತಾನಾಗಿ ಹೋಗುವುದಿಲ್ಲ. ಮೇಲ್ವಿಚಾರಣಾ ಮಂಡಳಿ ಸಿಇಒ ವೆರ್ನರ್ ಬೌಮನ್ ಬೆನ್ನಿಗೆ ನಿಂತಿತು, ಮುಂದೆ ಅವಧಿಯನ್ನೂ ವಿಸ್ತರಿಸಿತು. ಆದರೆ ಹೂಡಿಕೆದಾರರ ಒತ್ತಡ ನಿಲ್ಲಲಿಲ್ಲ. 2023ರಲ್ಲಿ ಬೌಮನ್ ಅವಧಿಗೆ ಮೊದಲೇ ಹೊರನಡೆದರು.

ಮಾಲೀಕರು ಆಡಳಿತಕ್ಕೆ ನೇರ ಅಪ್ಪಣೆ ಕೊಡುವಂತಿಲ್ಲ ಎಂಬುದು ಷೇರು ಕಂಪನಿಗಳ ಮಾತು. ನಿಮ್ಮ ನೇಮಕಾತಿ ಪತ್ರದಲ್ಲಿ ಕಂಪನಿಯ ಹೆಸರಿನ ಕೊನೆಗೆ ಜಿಎಂಬಿಎಚ್, ಅಂದರೆ ಸೀಮಿತ ಹೊಣೆಯ ಕಂಪನಿ ಎಂದಿದ್ದರೆ ಕಥೆ ಬೇರೆ: ಅಲ್ಲಿ ಮಾಲೀಕರು ವ್ಯವಸ್ಥಾಪಕರಿಗೆ ನೇರವಾಗಿ ಆದೇಶ ಕೊಡಬಹುದು. ಆಡುಗೋಡಿಯಿಂದಾಗಿ ಬೆಂಗಳೂರಿಗರಿಗೆಲ್ಲ ಗೊತ್ತಿರುವ ಬಾಷ್ ಕೂಡ ಜಿಎಂಬಿಎಚ್. ಅದರ ಬಂಡವಾಳದ ಸುಮಾರು ಶೇ 94 ಭಾಗ ಒಂದು ಧರ್ಮಾರ್ಥ ಪ್ರತಿಷ್ಠಾನದ್ದು. ಮತಾಧಿಕಾರ ಹೆಚ್ಚುಕಡಿಮೆ ಪೂರ್ತಿಯಾಗಿ ಇನ್ನೊಂದು ಟ್ರಸ್ಟ್ ಸಂಸ್ಥೆಯದು. ಲಾಭ ಪಡೆಯುವವರು ಒಬ್ಬರು, ತೀರ್ಮಾನಿಸುವವರು ಮತ್ತೊಬ್ಬರು.

ಕೆಲಸಕ್ಕೆ ಸೇರಿದ ಮೇಲೆ ಬೆಟ್ರೀಬ್ಸ್‌ರಾಟ್, ಅಂದರೆ ನೌಕರರ ಮಂಡಳಿ ಇದೆಯೇ ಎಂದು ಮೊದಲು ಕೇಳಿ. ಇದು ಮೇಲ್ವಿಚಾರಣಾ ಮಂಡಳಿಯಲ್ಲ, ನಿಮ್ಮ ಕಚೇರಿಯ ಮಟ್ಟದ್ದು. ಐದು ನೌಕರರಿರುವ ಜಾಗದಲ್ಲೂ ಚುನಾಯಿಸಬಹುದು. ಅದು ಇರುವಲ್ಲಿ, ಅದರ ಅಭಿಪ್ರಾಯ ಕೇಳದೆ ಮಾಡಿದ ವಜಾ ಕಾನೂನಿನ ಪ್ರಕಾರ ಅಸಿಂಧು. ಸಾಮಾನ್ಯ ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ, ಮಾರ್ಚ್‌ನಿಂದ ಮೇ ನಡುವೆ ನಡೆಯುತ್ತದೆ. ಮತ ಹಾಕಲು ಜರ್ಮನ್ ಪೌರತ್ವ ಬೇಕಿಲ್ಲ; ಆರು ತಿಂಗಳು ಕೆಲಸ ಮಾಡಿದ್ದರೆ ಸ್ಪರ್ಧಿಸಲೂಬಹುದು. ಮೇಲ್ವಿಚಾರಣಾ ಮಂಡಳಿಯ ನೌಕರರ ಕುರ್ಚಿಗಳಿಗೆ ನಡೆಯುವ ಮತದಾನಕ್ಕೂ ಪೌರತ್ವದ ಅಡ್ಡಿಯಿಲ್ಲ, ಆದರೆ ದೊಡ್ಡ ಕಂಪನಿಗಳಲ್ಲಿ ಅದು ಸಾಮಾನ್ಯವಾಗಿ ಪ್ರತಿನಿಧಿಗಳ ಮೂಲಕ ನಡೆಯುತ್ತದೆ. ಸೂಚನಾ ಫಲಕದಲ್ಲಿ ನೌಕರರ ಮಂಡಳಿಯ ಚುನಾವಣಾ ಪ್ರಕಟಣೆ ಕಂಡ ಕೂಡಲೇ ಮತದಾರರ ಪಟ್ಟಿಯಲ್ಲಿ ಹೆಸರಿದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಆಕ್ಷೇಪ ಸಲ್ಲಿಸಲು ಸಿಗುವುದು ಎರಡು ವಾರ ಮಾತ್ರ.