ವಿಂಡೋಸ್ 10 ಇಟ್ಕೊಳ್ಳೋದಾ, ಬಿಡೋದಾ? ಹಳೇ ಕಂಪ್ಯೂಟರ್ ಇರೋರು ಮಾಡ್ಬೇಕಾದ್ದು ಹೀಗೆ

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಗೆ ಸಪೋರ್ಟ್ ನಿಲ್ಲಿಸ್ತು. ಆವತ್ತಿಂದ ಸುಮಾರು ಜನ ಕೇಳೋದು ಒಂದೇ, "ಸರ್, ನಮ್ಮ ಸಿಸ್ಟಮ್ ಇನ್ನು ಆನ್ ಆಗಲ್ವಾ?" ಆಗತ್ತೆ ಮಾರಾಯ್ರೆ, ಏನೂ ಆಗಿಲ್ಲ ಅದಕ್ಕೆ. ನಿಂತಿರೋದು ತಿಂಗಳು ತಿಂಗಳು ಬರ್ತಿತ್ತಲ್ಲ ಸೆಕ್ಯುರಿಟಿ ಅಪ್‌ಡೇಟ್, ಅದು ಮಾತ್ರ. ಆಂಟಿವೈರಸ್ ಇದೆಯಲ್ಲ ಅಂತೀರಾ, ಹೌದು, ವಿಂಡೋಸ್ ಜೊತೆಗೇ ಬರೋ ಡಿಫೆಂಡರ್‌ಗೆ ಹೊಸ ವೈರಸ್‌ಗಳ ಪಟ್ಟಿ 2028ರ ಅಕ್ಟೋಬರ್‌ವರೆಗೂ ಬರತ್ತೆ, ಆದ್ರೆ ವಿಂಡೋಸ್ ಒಳಗಿರೋ ತೂತು ಮುಚ್ಚೋದು ಅದರ ಕೆಲಸ ಅಲ್ಲ. ಹಿತ್ತಲ ಬಾಗಿಲ ಚಿಲಕ ಮುರಿದಿರುವಾಗ ಮುಂಬಾಗಿಲಲ್ಲಿ ವಾಚ್‌ಮನ್ ಕೂರಿಸಿದ ಹಾಗೆ.

2017ರ ಮೇ ತಿಂಗಳಲ್ಲಿ ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ವನ್ನಾಕ್ರೈ ವೈರಸ್ ಬಂದಾಗ ಆಗಿದ್ದೂ ಇದೇನೇ. ಆ ತೂತಿಗೆ ಪ್ಯಾಚ್, ಅಂದ್ರೆ ಅದನ್ನ ಮುಚ್ಚೋ ಅಪ್‌ಡೇಟ್, ಮಾರ್ಚ್‌ನಲ್ಲೇ ಬಂದಿತ್ತು, ಹಾಕ್ಕೊಂಡವರು ಬಚಾವಾದ್ರು, ಹಾಕ್ಕೊಳ್ಳದೇ ಇದ್ದವರ ಫೈಲೆಲ್ಲ ಲಾಕ್ ಆಯ್ತು. ಹಾಗಂತ ಹೆದರಿಕೊಂಡು ಇವತ್ತೇ ಹೊಸ ಲ್ಯಾಪ್‌ಟಾಪ್ ತಗೋಬೇಕಾಗಿಲ್ಲ, ಅಂಗಡಿಯವರು ಹೇಳೋದು ಹಾಗೇ ಅನ್ನೋದು ಬೇರೆ ಮಾತು.

ಮೊದಲು ಒಂದು ಹಾಳೆ, ಒಂದು ಪೆನ್ನು

ಯಾವ ಓಎಸ್ (ಕಂಪ್ಯೂಟರ್ ನಡೆಸೋ ಮೂಲ ಸಾಫ್ಟ್‌ವೇರ್: ವಿಂಡೋಸ್, ಅದರ ಬದಲಿಗೆ ಹಾಕ್ಕೊಳ್ಳೋ ಫ್ರೀ ಲಿನಕ್ಸ್, ಇಂಥವು) ಒಳ್ಳೇದು ಅಂತ ಶುರು ಮಾಡಬೇಡಿ, ಅದು ಮುಗಿಯದ ಜಗಳ. ಈ ಕಂಪ್ಯೂಟರಲ್ಲಿ ದಿನಾ ಏನೇನು ಮಾಡ್ತೀರಿ ಅಂತ ಬರೀರಿ. ಬರೀ ಬ್ರೌಸರ್, ಯೂಟ್ಯೂಬ್, ಮೇಲ್, ಮಕ್ಕಳ ಪ್ರಾಜೆಕ್ಟ್ ಅಂದ್ರೆ ನೀವು ಎಲ್ಲಿಗೆ ಬೇಕಾದ್ರೂ ಹೋಗಬಹುದು. ಟ್ಯಾಲಿ ಇದೆಯಾ, ಅದು ವಿಂಡೋಸ್ ಬಿಟ್ಟು ಬರಲ್ಲ. ಜಿಎಸ್‌ಟಿಗೆ ಡಿಜಿಟಲ್ ಸಿಗ್ನೇಚರ್ ಡಾಂಗಲ್ ಚುಚ್ತೀರಾ, ಅದಕ್ಕೆ ಲಿನಕ್ಸ್ ಡ್ರೈವರ್ ಇದೆಯಾ ಅಂತ ಕೊಟ್ಟವರನ್ನ ಕೇಳ್ದೇ ಮುಂದೆ ಹೋಗಬೇಡಿ. ಡಿಟಿಪಿ ಅಂಗಡಿಯಾಗಿದ್ರೆ ಪೇಜ್‌ಮೇಕರ್, ಕನ್ನಡ ಟೈಪಿಂಗ್‌ನ ನುಡಿ, ಶ್ರೀಲಿಪಿ ಇದ್ದೇ ಇರತ್ತೆ, ಅವನ್ನೂ ಬರ್ಕೊಳ್ಳಿ.

ಪ್ರಿಂಟರ್‌ನ ಎಲ್ರೂ ಮರೀತಾರೆ. ಜೆರಾಕ್ಸ್ ಅಂಗಡಿ, ಡಿಟಿಪಿ ಸೆಂಟರ್‌ಗಳಲ್ಲೆಲ್ಲ ಕೂತಿರೋ ಆ ಕ್ಯಾನನ್ ಎಲ್‌ಬಿಪಿ 2900 ಗಟ್ಟಿ ಮೆಷಿನ್, ಅದರಲ್ಲಿ ಎರಡು ಮಾತಿಲ್ಲ, ಆದ್ರೆ ಅದಕ್ಕೆ ಕ್ಯಾಪ್ಟ್ ಅನ್ನೋ ಬೇರೆಯದೇ ಡ್ರೈವರ್ ಬೇಕು, ಲಿನಕ್ಸಲ್ಲಿ ಚುಚ್ಚಿದ ತಕ್ಷಣ ಪ್ರಿಂಟ್ ಬರಲ್ಲ, ಒಂದಿಷ್ಟು ಗುದ್ದಾಡಬೇಕು. ಈಗಿನ ವೈಫೈ ಪ್ರಿಂಟರ್‌ಗಳು ಮಾತ್ರ ಹೆಚ್ಚುಕಮ್ಮಿ ತಾವಾಗೇ ಕಾಣಿಸ್ಕೋತವೆ.

ಮೆಷಿನ್ ವಿಂಡೋಸ್ 11ಕ್ಕೆ ಆಗತ್ತಾ ನೋಡೋದು

ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್‌ಗೆ ಹೋಗಿ ಪ್ರೊಸೆಸರ್ ಹೆಸರು ನೋಡಿ. ಇಂಟೆಲ್ ಐ5-7200ಯು ಅಂತಿದ್ರೆ ಗೆರೆ ಆದ್ಮೇಲಿನ 7 ಅನ್ನೋದೇ ಜನರೇಷನ್, ಐ5-8250ಯು ಅಂದ್ರೆ 8ನೇದು, ಐ5-10210ಯು ಅಂತ ಐದು ಅಂಕಿ ಇದ್ರೆ 10ನೇದು. ವಿಂಡೋಸ್ 11ಕ್ಕೆ ಇಂಟೆಲ್ ಆದ್ರೆ 8 ಅಥವಾ ಮೇಲೆ ಬೇಕು, ಎಎಂಡಿ ಆದ್ರೆ ಸಾಮಾನ್ಯವಾಗಿ ರೈಜನ್ 2000 ಸೀರೀಸ್‌ನಿಂದ ಮೇಲೆ. ಬೆಂಗಳೂರು ಎಸ್‌ಪಿ ರೋಡಲ್ಲಿ ರಿಫರ್ಬಿಶ್ಡ್ ತಗೊಂಡವರದ್ದು ತುಂಬಾ ಸಲ 4ನೇ, 6ನೇ ಜನರೇಷನ್ ಇರತ್ತೆ, ಅಲ್ಲಿಗೆ ಆ ದಾರಿ ಮುಗೀತು.

ಪ್ರೊಸೆಸರ್ ಸರಿಯಿದ್ರೂ "ನಿಮ್ಮ ಪಿಸಿ ಆಗಲ್ಲ" ಅಂತ ತೋರಿಸ್ತಿದ್ರೆ ಟಿಪಿಎಂ (ಕೀಗಳನ್ನ ಭದ್ರವಾಗಿಡೋ ಸೆಕ್ಯುರಿಟಿ ಚಿಪ್) ಆಫ್ ಆಗಿರಬಹುದು. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಟಿಪಿಎಂ ಡಾಟ್ ಎಂಎಸ್‌ಸಿ ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಎಂಟರ್ ಹೊಡೀರಿ, 2.0 ಅಂತ ಕಾಣಬೇಕು. ಕಾಣದಿದ್ರೆ ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗೋ ಮುಂಚಿನ ಸೆಟಪ್) ಆನ್ ಮಾಡಬೇಕು, ಇಂಟೆಲ್‌ನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಬಯೋಸ್ ಮುಟ್ಟೋ ಮುಂಚೆ ಡಿಸ್ಕಿಗೆ ಬೀಗ ಹಾಕೋ ಬಿಟ್‌ಲಾಕರ್ ಆನ್ ಇದೆಯಾ ನೋಡಿ, ಇದ್ರೆ ರಿಕವರಿ ಕೀನ ಕಾಗದದ ಮೇಲೆ ಬರ್ಕೊಳ್ಳಿ, ಆಮೇಲೆ ಅದು 48 ಅಂಕಿ ಕೇಳ್ಕೊಂಡು ಕೂತ್ರೆ ಯಾರೂ ಏನೂ ಮಾಡಕ್ಕಾಗಲ್ಲ.

ಎಲ್ಲಾ ಸರಿಯಿದ್ರೆ ಅಪ್‌ಗ್ರೇಡ್ ಫ್ರೀ, ವಿಂಡೋಸ್ ಅಪ್‌ಡೇಟ್ ಒಳಗೇ ಸಿಗತ್ತೆ, ಮಾಡ್ಕೊಳ್ಳಿ. ಅರ್ಹತೆ ಇಲ್ದೇ ಇರೋ ಮೆಷಿನ್‌ಗೂ ರೂಫಸ್ ಅನ್ನೋ ಟೂಲ್‌ನಿಂದ ಚೆಕಿಂಗ್ ತಪ್ಪಿಸಿ 11 ಹಾಕೋರು ಇದ್ದಾರೆ, ನಡೆಯತ್ತೆ ಕೂಡ. ಆದ್ರೆ ಅಂಥ ಮೆಷಿನ್‌ಗೆ ಅಪ್‌ಡೇಟ್ ಬಂದೇ ಬರತ್ತೆ ಅಂತ ಮೈಕ್ರೋಸಾಫ್ಟ್ ಗ್ಯಾರಂಟಿ ಕೊಡಲ್ಲ, ಅಪ್‌ಡೇಟ್‌ಗೋಸ್ಕರ ತಾನೇ ಇಷ್ಟೆಲ್ಲ ಮಾಡ್ತಿರೋದು? ಆಟ ಆಡೋ ಮೆಷಿನ್‌ಗೆ ಹಾಕ್ಕೊಳ್ಳಿ, ಅಂಗಡಿ ಲೆಕ್ಕ ಇರೋದಕ್ಕೆ ಬೇಡ.

ಇಲ್ಲೇ ಇರ್ತೀನಿ ಅನ್ನೋರಿಗೆ

ಮನೆ ಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಮುಂದುವರಿಸೋ ವ್ಯವಸ್ಥೆ ಇದೆ, ಹೆಸರು ಇಎಸ್‌ಯು. ಮೊದಲಿನ ಹಾಗೇ ವಿಂಡೋಸ್ ಕೀ ಜೊತೆ ಆರ್ ಒತ್ತಿ ವಿನ್‌ವರ್ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿದ್ರೆ ವರ್ಷನ್ ತೋರಿಸತ್ತೆ, 22ಎಚ್2 ಇರಬೇಕು, ಕಮ್ಮಿ ಇದ್ರೆ ಮೊದಲು ಅಲ್ಲಿಗೆ ಬನ್ನಿ. ಆಮೇಲೆ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪೇಜಲ್ಲಿ ಎನ್‌ರೋಲ್ ನೌ ಅಂತ ಕಾಣತ್ತೆ. ಮೂರು ದಾರಿ ಕೊಡತ್ತೆ: ನಿಮ್ಮ ಪಿಸಿ ಸೆಟ್ಟಿಂಗ್ಸನ್ನ ಮೈಕ್ರೋಸಾಫ್ಟ್ ಅಕೌಂಟಿಗೆ ಸಿಂಕ್ ಮಾಡಿದ್ರೆ ಫ್ರೀ, ಇಲ್ಲಾಂದ್ರೆ 1000 ಮೈಕ್ರೋಸಾಫ್ಟ್ ರಿವಾರ್ಡ್ಸ್ ಪಾಯಿಂಟ್, ಅದೂ ಇಲ್ಲಾಂದ್ರೆ 30 ಡಾಲರ್ ಲೆಕ್ಕದಲ್ಲಿ ದುಡ್ಡು. ದುಡ್ಡು ಕೊಟ್ರೂ ಮೈಕ್ರೋಸಾಫ್ಟ್ ಅಕೌಂಟಂತೂ ಬೇಕು, ಹಾಗಾಗಿ ಮೊದಲನೇದೇ ವಾಸಿ. ಒಂದು ಅಕೌಂಟಲ್ಲಿ 10 ಮೆಷಿನ್ ತನಕ ಸೇರಿಸಬಹುದು, ಅಂದ್ರೆ ಅಪ್ಪನ ಲ್ಯಾಪ್‌ಟಾಪ್, ಅತ್ತೆ ಮನೆ ಡೆಸ್ಕ್‌ಟಾಪ್ ಎಲ್ಲ ಒಂದರಲ್ಲೇ ಮುಗಿಸಬಹುದು.

ಒಂದು ಗಮನಿಸಿ, ಆಫೀಸ್ 2016, 2019 ಎರಡಕ್ಕೂ ಸಪೋರ್ಟ್ ಮುಗಿದಿದ್ದು ಅದೇ ದಿನ, ಇಎಸ್‌ಯು ಅದನ್ನ ಉಳಿಸಲ್ಲ.

ಬರೀ ಟೈಪಿಂಗ್, ಪ್ರಿಂಟಿಂಗ್‌ಗೆ ಇರೋ ಮೆಷಿನ್ ಆದ್ರೆ ಇನ್ನೂ ಸುಲಭ ಇದೆ: ನೆಟ್ ಕಿತ್ತುಬಿಡಿ, ಲ್ಯಾನ್ ವೈರ್ ತೆಗೆದು ವೈಫೈ ಆಫ್ ಮಾಡಿ. ಇವತ್ತಿಗೂ ಎಕ್ಸ್‌ಪಿ ಮೇಲೆ ಮದುವೆ ಕಾರ್ಡ್ ಮಾಡೋ ಡಿಟಿಪಿಯವರಿದ್ದಾರೆ, ಅದರ ಸಪೋರ್ಟ್ ಮುಗಿದಿದ್ದು 2014ರ ಏಪ್ರಿಲ್‌ನಲ್ಲಿ! ಅವರಿಗೆ ಬುದ್ಧಿ ಹೇಳಕ್ಕೆ ನಾನು ಹೋಗಲ್ಲ, ಗಿರಾಕಿ ತಂದ ಪೆನ್‌ಡ್ರೈವ್‌ನ ನೇರ ಚುಚ್ಚಬೇಡಿ ಅಂತ ಮಾತ್ರ ಹೇಳ್ತೀನಿ. ಬ್ಯಾಂಕು, ಯುಪಿಐ, ಮೇಲು ಆ ಮೆಷಿನಲ್ಲಿ ಬೇಡವೇ ಬೇಡ.

ಲಿನಕ್ಸ್ ನೋಡ್ತೀರಾ, ಹಾಕೋ ಮುಂಚೆ ನೋಡಿ

ಲಿನಕ್ಸಲ್ಲಿ ಹಲವು ಬಗೆ ಇದೆ, ವಿಂಡೋಸ್ ಅಭ್ಯಾಸ ಇರೋರಿಗೆ ಲಿನಕ್ಸ್ ಮಿಂಟ್ ಸರಿಹೋಗತ್ತೆ, ಕೆಳಗೆ ಎಡಗಡೆ ಮೆನು, ಬಲಗಡೆ ಗಡಿಯಾರ, ಹುಡುಕಾಡೋ ಹಾಗಿಲ್ಲ. 4 ಜಿಬಿ ರ‍್ಯಾಮ್ ಇದ್ರೆ ಅದರ ಎಕ್ಸ್‌ಎಫ್‌ಸಿಇ ಆವೃತ್ತಿ ಇಳಿಸ್ಕೊಳ್ಳಿ, 8 ಇದ್ರೆ ಸಿನಮನ್. ಮಿಂಟ್ 22 ಸೀರೀಸ್‌ಗೆ 2029ರವರೆಗೆ ಅಪ್‌ಡೇಟ್ ಇದೆ. ಇಳಿಸ್ಕೊಳ್ಳೋ ಐಎಸ್‌ಒ ಫೈಲ್ (ಇನ್‌ಸ್ಟಾಲ್ ಮಾಡೋ ಫೈಲ್) ಸುಮಾರು 3 ಜಿಬಿ, 8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್‌ನಿಂದ ಬರೀರಿ, ಪೆನ್‌ಡ್ರೈವಲ್ಲಿ ಇದ್ದಿದ್ದೆಲ್ಲ ಹೋಗತ್ತೆ ನೆನಪಿರಲಿ. ಆಮೇಲೆ ರೀಸ್ಟಾರ್ಟ್ ಮಾಡಿ ಬೂಟ್ ಮೆನು ಕೀ ಒತ್ತಿ, ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಬರೋ ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿ.

ಈಗ ಇನ್‌ಸ್ಟಾಲ್ ಮಾಡ್ಬೇಡಿ. ಪೆನ್‌ಡ್ರೈವ್‌ನಿಂದಲೇ ಪೂರ್ತಿ ಸಿಸ್ಟಮ್ ಓಡತ್ತೆ, ನಿಮ್ಮ ಹಾರ್ಡ್‌ಡಿಸ್ಕ್ ಮುಟ್ಟಲ್ಲ. ವೈಫೈ ಸಿಗತ್ತಾ, ಸೌಂಡ್ ಬರತ್ತಾ, ಕ್ಯಾಮೆರಾ ಬರತ್ತಾ, ಪ್ರಿಂಟರ್ ಕಾಣತ್ತಾ ನೋಡಿ. ಪೆನ್‌ಡ್ರೈವಲ್ಲಿ ನಿಧಾನ ಇರತ್ತೆ, ಅದನ್ನ ನೋಡಿ ಲಿನಕ್ಸೇ ಸ್ಲೋ ಅಂದ್ಕೋಬೇಡಿ.

ಕನ್ನಡ ಟೈಪಿಂಗ್‌ನೂ ಆಗಲೇ ನೋಡ್ಬಿಡಿ. ಕೀಬೋರ್ಡ್ ಲೇಔಟ್‌ನಲ್ಲಿ ಕನ್ನಡ ಕಗಪ ಅಂತ ಇದೆ, ಸೇರಿಸಿ, ಕೆ ಎನ್ ಎಫ್ ಎನ್ ಡಬ್ಲ್ಯೂ ಒತ್ತಿ. "ಕನ್ನಡ" ಅಂತ ಬಂದ್ರೆ ನಿಮ್ಮ ನುಡಿ ಬೆರಳಿಗೆ ಅಲ್ಲಿ ತೊಂದರೆ ಇಲ್ಲ.

ಹೊಸದಾಗಿ ಬರೆಯೋದಕ್ಕಿಂತ ಹಳೇ ಫೈಲ್‌ಗಳದ್ದೇ ತಲೆನೋವು. ವರ್ಷಗಟ್ಟಲೆ ನುಡಿ 01ಇ ಥರದ ಫಾಂಟಲ್ಲಿ ಟೈಪ್ ಮಾಡಿದ್ದೆಲ್ಲ ಯೂನಿಕೋಡ್ (ಯಾವ ಕಂಪ್ಯೂಟರಲ್ಲೂ ಕನ್ನಡವಾಗೇ ಕಾಣೋ ಪದ್ಧತಿ) ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನ ಕೂರಿಸಿರೋದು. ಫಾಂಟ್ ಇಲ್ದೇ ತೆಗೆದ್ರೆ ‘ಕ’ ಜಾಗದಲ್ಲಿ ಇಂಗ್ಲಿಷ್ ಪಿ, ‘ನ’ ಜಾಗದಲ್ಲಿ ಪೌಂಡ್ ಚಿಹ್ನೆ, ಮಧ್ಯೆ ಮಧ್ಯೆ ತಲೆ ಮೇಲೆ ಗೀಟಿರೋ ಎ, ಹೀಗೆ ಕಾಣತ್ತೆ. ಫೈಲ್ ಹಾಳಾಗಿಲ್ಲ, ಗಾಬರಿ ಬೇಡ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಲ್ಲಿ ಫಾಂಟ್ಸ್ ಅಂತಿದೆ, ಅಲ್ಲಿಂದ ನುಡಿ ಫಾಂಟ್‌ಗಳನ್ನ ಕಾಪಿ ಮಾಡಿ ಇಟ್ಕೊಂಡು ಮಿಂಟಲ್ಲಿ ಹಾಕಿದ್ರೆ ಲಿಬ್ರೆಆಫೀಸಲ್ಲಿ (ಎಂಎಸ್ ಆಫೀಸ್ ಥರದ ಫ್ರೀ ಸಾಫ್ಟ್‌ವೇರ್) ಓದಕ್ಕೆ ಸಿಗತ್ತೆ. ಬದಲಾಯಿಸೋ ಅಗತ್ಯ ಇಲ್ಲದ ಪತ್ರಗಳನ್ನ ವಿಂಡೋಸ್ ಇರುವಾಗಲೇ ಪಿಡಿಎಫ್ ಮಾಡಿಡಿ, ಮತ್ತೆ ಮತ್ತೆ ತಿದ್ದೋ ಅಂಥದ್ದನ್ನ ಕನ್ವರ್ಟರ್‌ನಿಂದ ಯೂನಿಕೋಡ್‌ಗೆ ತನ್ನಿ, ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ತಪ್ಪತ್ತೆ, ಒಂದ್ಸಲ ಓದಿ ನೋಡ್ಲೇಬೇಕು.

ಹಾಕೋ ದಿನ

ನಿಧಾನ ಅನ್ನೋ ಕಾರಣಕ್ಕೆ ಓಎಸ್ ಬದಲಾಯಿಸಕ್ಕೆ ಹೊರಟಿದ್ರೆ ಒಂದ್ನಿಮಿಷ, ಹಳೇ ಮೆಷಿನ್ ಎಳೆದಾಡೋದು ಬಹಳ ಸಲ ಓಎಸ್‌ನಿಂದ ಅಲ್ಲ, ತಿರುಗೋ ಹಾರ್ಡ್‌ಡಿಸ್ಕಿಂದ. ಒಂದು 256 ಜಿಬಿ ಎಸ್‌ಎಸ್‌ಡಿ (ತಿರುಗೋ ಭಾಗ ಇಲ್ಲದ ವೇಗದ ಡಿಸ್ಕ್) ಹಾಕ್ಸಿ, 11 ಆಗ್ಲಿ ಮಿಂಟ್ ಆಗ್ಲಿ ಅದರ ಮೇಲೆ ಹೊಸದಾಗಿ ಹಾಕಿ. ಇದರಲ್ಲಿ ಇನ್ನೊಂದು ಅನುಕೂಲ, ಹಳೇ ಡಿಸ್ಕ್ ಹಾಗೇ ಹೊರಗೆ ಬರತ್ತೆ, ನಿಮ್ಮ ವಿಂಡೋಸ್ 10, ನುಡಿ, ಟ್ಯಾಲಿ ಡೇಟಾ ಎಲ್ಲ ಇದ್ದ ಹಾಗೇ ಅದರಲ್ಲಿರತ್ತೆ, ಸರಿ ಹೋಗ್ಲಿಲ್ಲ ಅಂದ್ರೆ ವಾಪಸ್ ಸಿಕ್ಕಿಸಿದ್ರೆ ಆಯ್ತು. ಯುಎಸ್‌ಬಿ ಕೇಸ್ ಒಂದು ತಗೊಂಡ್ರೆ ಬೇಕಾದ ಫೈಲ್ ಅದರಿಂದ ಎಳ್ಕೋಬಹುದು.

ಎಸ್‌ಎಸ್‌ಡಿ ಬೇಡ, ಒಂದೇ ಡಿಸ್ಕಲ್ಲಿ ಎರಡೂ ಇರಲಿ ಅಂದ್ರೆ ಮೊದಲು ಹೊರಗಿನ ಡಿಸ್ಕಿಗೆ ಬ್ಯಾಕಪ್: ಡೆಸ್ಕ್‌ಟಾಪ್ ಮೇಲೆ ಸುರಿದಿರೋದು, ಡೌನ್‌ಲೋಡ್ಸ್, ಟ್ಯಾಲಿಯ ಡೇಟಾ ಫೋಲ್ಡರ್, ಬ್ರೌಸರ್ ಪಾಸ್‌ವರ್ಡ್, ಔಟ್‌ಲುಕ್ ಮೇಲ್ ಫೈಲ್. ಕಾಪಿ ಆದ್ಮೇಲೆ ಬೇರೆ ಕಂಪ್ಯೂಟರಲ್ಲಿ ನಾಲ್ಕು ಫೈಲ್ ತೆಗೆದು ನೋಡಿ. ವಿಂಡೋಸಲ್ಲಿ ಬಿಟ್‌ಲಾಕರ್, ಫಾಸ್ಟ್ ಸ್ಟಾರ್ಟಪ್ ಎರಡೂ ಆಫ್ ಮಾಡಿ. ಇನ್‌ಸ್ಟಾಲ್ ಮಾಡುವಾಗ ವಿಂಡೋಸ್ ಪಕ್ಕದಲ್ಲಿ ಹಾಕು ಅನ್ನೋದನ್ನ ಆರಿಸಿ, ಡಿಸ್ಕ್ ಪೂರ್ತಿ ಅಳಿಸು ಅನ್ನೋದರ ಮೇಲೆ ಕ್ಲಿಕ್ ಆಗದ ಹಾಗೆ ನೋಡ್ಕೊಳ್ಳಿ, ಎರಡೂ ಮೇಲೆ ಕೆಳಗೇ ಇರತ್ತೆ. ಮಿಂಟ್ ಬಂದ ಮೇಲೆ ಮೊದಲು ಟೈಮ್‌ಶಿಫ್ಟ್ (ಏನಾದ್ರೂ ಕೆಟ್ರೆ ಸಿಸ್ಟಮ್‌ನ ಹಿಂದಿನ ಸ್ಥಿತಿಗೆ ತರೋ ಟೂಲ್) ಆನ್ ಮಾಡಿ, ಆಮೇಲೆ ಅಪ್‌ಡೇಟ್ ಮ್ಯಾನೇಜರ್ ಓಡಿಸಿ. ಟ್ಯಾಲಿ, ಡಾಂಗಲ್ ಕೆಲಸ ಇದ್ದಾಗ ವಿಂಡೋಸ್‌ಗೆ ಬೂಟ್ ಆಗಿ, ಆ ವಿಂಡೋಸ್‌ಗೂ ಇಎಸ್‌ಯು ಮಾಡ್ಸಿರಿ, ಎರಡು ಓಎಸ್ ಇದೆ ಅಂತ ಅದನ್ನ ಬಿಟ್ಟುಬಿಡೋ ಹಾಗಿಲ್ಲ.